ಪ್ರೂಯಿಟ್ಟರ ಹಿತ್ತಿಲಲ್ಲಿ ಶಿವಬಸಪ್ಪ

ಕಲ್ಮೇಶ ಗುಂಡಿಯೊಳಕ್ಕೆ ಇಳಿದು ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದ. ಗೋಡೆಯ ಕೆಂಪು ಮಣ್ಣನ್ನು ಅಂಗೈಯಿಂದ ತಟ್ಟಿ ನೋಡಿದ. ಆಮೇಲೆ ಹೇಳಲೋ ಬೇಡವೋ ಅನ್ನುವಂತೆ ತಲೆಯೆತ್ತಿ ಸಿದ್ದೇಶ್ವರಿಯವರ ಮುಖ ನೋಡಿದ.

"ಆಂಟಿ, ಇದು ಮಲಗಸೋ ಗುಂಡಿ ಐತ್ರಿ. ಸರ್ ಅವ್ರನ್ನ ಇದ್ರಾಗ ಕುಂದ್ರಸಾಕ ಬರಂಗಿಲ್ಲ, ಇನ್ನಾ ಆಳ ಬೇಕ್ರಿ."

ಸಿದ್ದೇಶ್ವರಿ ಸೀರೆಯ ಮೇಲೆ ಗಂಡನ ಹಳೆಯ ಕೋಟು, ಕಾಲಿಗೆ ವಾಕಿಂಗ್ ಶೂ ಹಾಕಿಕೊಂಡು ಗುಂಡಿಯ ಅಂಚಿನಲ್ಲಿ ನಿಂತಿದ್ದರು. ಆಳುದ್ದಕ್ಕಿಂತ ಒಂದಿಷ್ಟು ಹೆಚ್ಚೇ ಉದ್ದವಾಗಿ, ಎದೆಯ ಮಟ್ಟಕ್ಕೆ ಆಳವಾಗಿ, ಅಳತೆ ಹಿಡಿದು ತೋಡಿದ ಚೊಕ್ಕ ಗುಂಡಿ. ತೋಡಿದವನು ವೇಡ್ ಪ್ರೂಯಿಟ್. ಮನೆಗಳ ಸೆಪ್ಟಿಕ್ ಟ್ಯಾಂಕಿಗೆ ಗುಂಡಿ ತೋಡುವುದೇ ಅವನ ಕಸುಬು, ಹಾಗಾಗಿ ಕೆಲಸದಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಅವನಿಗೆ ಹೇಳಬೇಕಾದದ್ದನ್ನು ಯಾರೂ ಹೇಳಿರಲಿಲ್ಲ, ಅಷ್ಟೇ.

ಮನೆಯೊಳಗೆ, ಹಾಲಿನ ನಡುವೆ, ಶಿವಬಸಪ್ಪ ಕೂತಿದ್ದರು. ಗುರುವಾರ ಸಂಜೆ ಜೀವ ಹೋಗಿತ್ತು. ಕೊನೆಗಾಲದ ಆರೈಕೆಗೆ ಬರುತ್ತಿದ್ದ ಹಾಸ್ಪಿಸ್ ನರ್ಸ್ ನೋಡಿ ಖಚಿತಪಡಿಸಿ ಹೊರಟ ಬೆನ್ನಿಗೇ ಕಲ್ಮೇಶ ಪಕ್ಕದ ರಾಲಿ ಊರಿನಿಂದ ಓಡಿಬಂದು, ಮೈ ಸೆಟೆಯುವ ಮೊದಲೇ ಅವರನ್ನು ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿಸಿ, ಬೆನ್ನಿಗೆ ಹಲಗೆ ಕೊಟ್ಟು, ಹಳೆಯ ಪಂಚೆಯಿಂದ ಕಟ್ಟಿ ಕೂರಿಸಿದ್ದ. ಹಣೆತುಂಬ ವಿಭೂತಿ, ಎಡಗೈಯಲ್ಲಿ ಇಷ್ಟಲಿಂಗ, ಸುತ್ತ ಟವಲಿನಲ್ಲಿ ಸುತ್ತಿದ ಐಸ್ ಪ್ಯಾಕುಗಳು. ಮಗಳು ಸ್ಮಿತಾ ವರ್ಜೀನಿಯಾದಿಂದ ಡ್ರೈವ್ ಮಾಡಿಕೊಂಡು ಬಂದು ಬಾಗಿಲು ತೆರೆದಾಗ, ತಿಂಗಳುಗಟ್ಟಲೆ ಮಲಗಿಯೇ ಇದ್ದ ಅಪ್ಪ ನೆಟ್ಟಗೆ ಕೂತಿದ್ದು ಕಂಡು, ಒಂದು ಗಳಿಗೆ ಎಲ್ಲ ಮರೆತು "ಅಪ್ಪ" ಎಂದು ಕರೆದುಬಿಟ್ಟಿದ್ದಳು.

ಕಲ್ಮೇಶನೇನೂ ಈ ಕೆಲಸದಲ್ಲಿ ಪಳಗಿದವನಲ್ಲ. ಸಾಫ್ಟ್‌ವೇರಿನವನು. ಹಿರೇಮಠ ಅನ್ನುವ ಜಂಗಮರ ಅಡ್ಡಹೆಸರು ಇಟ್ಟುಕೊಂಡು ರಾಲಿಗೆ ಬಂದದ್ದೇ ಅವನ ತಪ್ಪು. ಬಂದ ವರ್ಷದಿಂದಲೇ ಗೃಹಪ್ರವೇಶ, ನಾಮಕರಣ ಅಂತ ಸುತ್ತಮುತ್ತಲ ಲಿಂಗಾಯತರೆಲ್ಲ ಅವನನ್ನೇ ಹಿಡಿದಿದ್ದರು. ಸಮಾಧಿ ಕಾರ್ಯವನ್ನು ಹುಬ್ಬಳ್ಳಿ ಕಡೆಯ ಊರಿನಲ್ಲಿ ಅಜ್ಜನ ಹಿಂದೆ ನಿಂತು ನೋಡಿದ್ದಷ್ಟೇ. ಆದರೂ ನಿನ್ನೆಯಿಂದ ಊಟ ನಿದ್ದೆ ಬಿಟ್ಟು, ಊರಿಗೆ ಫೋನ್ ಮಾಡಿ ಕೇಳಿ ಕೇಳಿ, ಒಂದೊಂದನ್ನೇ ಹೊಂದಿಸುತ್ತಿದ್ದ. ಆ ಋಣವನ್ನು ಸಿದ್ದೇಶ್ವರಿ ಆಗಲೇ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದರು.

ಗುಂಡಿಯ ಮಾತು ಕೇಳಿ ಸ್ಮಿತಾ ಬೇಲಿ ದಾಟಿ ಬಂದಳು. ಡರ್ಹಮ್ ಊರಾಚೆಯ ಆ ಮನೆಗಳೆಲ್ಲ ಒಂದು ಕಾಲಕ್ಕೆ ಪ್ರೂಯಿಟ್ ಮನೆತನದ ಹೊಗೆಸೊಪ್ಪಿನ ಹೊಲ. ಹೊಲ ಮಾರಿದಾಗ ಅವರು ತಮ್ಮ ಹಿರಿಯರ ಸಮಾಧಿಗಳಿದ್ದ ಓಕ್ ಮರಗಳ ತುಂಡನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಅದು ಶಿವಬಸಪ್ಪನವರ ಹಿತ್ತಿಲಿಗೆ ತಾಗಿಕೊಂಡಿತ್ತು. ಆ ಮನೆತನದವರ ಒಪ್ಪಿಗೆಯಿದ್ದರೆ ಅಲ್ಲಿ ಯಾರನ್ನಾದರೂ ಹೂಳಬಹುದು ಎಂದು ಕೌಂಟಿ ಆಫೀಸಿನವರನ್ನು ಕೇಳಿ ಖಾತ್ರಿ ಮಾಡಿಕೊಂಡವಳು ಸ್ಮಿತಾಳೇ. ಒಪ್ಪಿಗೆ ಕೊಟ್ಟವರು ವೇಡ್‌ನ ಸೋದರತ್ತೆ, ಪ್ರೂಯಿಟ್ಟರಲ್ಲಿ ಈಗ ಹಿರಿಯರಾದ ಡಾರ್ಲಾ.

"ಅಮ್ಮ, ನೀನು ಡಾರ್ಲಾ ಆಂಟಿಗೆ ಏನ್ ಹೇಳಿದೀಯ?" ಎಂದು ಸ್ಮಿತಾ ಕೇಳಿದಳು. "ಅಪ್ಪ ಕೂತ್ಕೊಳ್ತಾರೆ ಅಂತ ಆಕ್ಚುಲಿ ಹೇಳಿದ್ಯಾ?"

"ಬರಿಯಲ್ ಅಂತ ಹೇಳಿದೀನಿ. ಕಾಫಿನ್ ಬೇಡ ಅಂತಾನೂ ಹೇಳಿದೀನಿ."

ಕೂರಿಸುವ ಮಾತನ್ನು ಹೇಳಿರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂದುಕೊಳ್ಳುತ್ತಲೇ ತಿಂಗಳುಗಳು ಕಳೆದಿದ್ದವು. ಈಗ ಡಾರ್ಲಾ ಇನ್ನೇನು ಬರುವ ಹೊತ್ತು.

ಸ್ಮಿತಾ ವ್ಯವಹಾರಸ್ಥೆ. ಆಗಲೇ ಫ್ಯೂನರಲ್ ಹೋಮಿನವರಿಗೆ ಫೋನ್ ಮಾಡಿ ವಿಚಾರಿಸಿದ್ದಳು. ನಾಳೆಯ ಹೊತ್ತಿಗೆ ಮೈ ಸಡಿಲವಾಗುತ್ತದೆ, ಆಗ ಕಾಲು ನೀಡಿಸಿ ಮಲಗಿಸಬಹುದು ಎಂದಿದ್ದರು. ಗುಂಡಿ ಹೇಗೂ ಸಿದ್ಧವಿದೆ. ಸಮಾಧಿಗೆ ಜಾಗ ಕೊಟ್ಟವರ ಎದುರು ಕೊನೆಯ ಗಳಿಗೆಯಲ್ಲಿ ಹೊಸ ರಾಗ ಎಳೆಯುವುದು ಅವಳಿಗೆ ಸರಿಕಾಣಲಿಲ್ಲ.

"ಮಲಗ್ಸಿದ್ರೆ ಪ್ರಾಬ್ಲಂ ಏನಮ್ಮ? ಅಪ್ಪ ಸೈಂಟಿಸ್ಟ್. ಹೀ ವುಡ್ ಅಂಡರ್‌ಸ್ಟ್ಯಾಂಡ್."

"ಅವ್ರು ಅರ್ಥ ಮಾಡ್ಕೋತಾರೆ. ಅರ್ಥ ಮಾಡ್ಕೊಂಡು ಸುಮ್ನಿರ್ತಾರೆ, ಯಾವಾಗ್ಲೂ ಇದ್ದ ಹಾಗೆ," ಎಂದರು ಸಿದ್ದೇಶ್ವರಿ. "ನಿಮ್ಮಪ್ಪ ನನ್ನ ಹತ್ರ ಬಾಯ್ಬಿಟ್ಟು ಕೇಳಿದ್ದು ಇದೊಂದೇ ಸ್ಮಿತಾ. ಮಲಗಿಸ್ಬೇಡ, ಕೂರಿಸು ಅಂತ. ನಾನು ಹೂಂ ಅಂದಿದೀನಿ."

* * *

ಶಿವಬಸಪ್ಪ ಮಣ್ಣಿನ ವಿಜ್ಞಾನಿ. ದಾವಣಗೆರೆಯ ಕಡೆಯಿಂದ ಅರವತ್ತರ ದಶಕದ ಕೊನೆಯಲ್ಲಿ ರಾಲಿಗೆ ಓದಲು ಬಂದು, ರಾಜ್ಯದ ಮಣ್ಣಿನ ಸರ್ವೇಯಲ್ಲಿ ಕೆಲಸ ಹಿಡಿದು, ಒಂದು ಉಕ್ಕಿನ ಕೊಳವೆ ಹಿಡಿದುಕೊಂಡು ಉತ್ತರ ಕ್ಯಾರೊಲಿನಾದ ಹೊಲಗದ್ದೆಯನ್ನೆಲ್ಲ ಚುಚ್ಚಿ ನೋಡಿದವರು. ಆ ಕೊಳವೆಯನ್ನು ನೆಲಕ್ಕೆ ಒತ್ತಿ ಎತ್ತಿದರೆ ಒಳಗಿನ ಮಣ್ಣು ಪದರ ಪದರವಾಗಿ ಹಾಗೇ ಮೇಲೆ ಬರುತ್ತಿತ್ತು. ಸ್ಮಿತಾ ಚಿಕ್ಕವಳಿದ್ದಾಗ, ಬೇರೆ ಅಪ್ಪಂದಿರು ಬೀಚಿನಲ್ಲಿ ಕೋಟೆ ಕಟ್ಟಿಸಿದರೆ, ತನ್ನ ಅಪ್ಪ ಮಾತ್ರ ಮರಳನ್ನು ಬೆರಳ ನಡುವೆ ಉಜ್ಜಿ ಅದರ ಜಾತಕ ಹೇಳುತ್ತಾರೆಂದು ನಾಚಿಕೊಳ್ಳುತ್ತಿದ್ದಳು.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ, ಡಾರ್ಲಾ ಪ್ರೂಯಿಟ್ ಎಂಬ ಸ್ಕೂಲ್ ಟೀಚರ್ ಆ ಓಕ್ ಮರಗಳ ಕೆಳಗೆ ಏನನ್ನೋ ಹುಡುಕುತ್ತ ಅಡ್ಡಾಡುವುದನ್ನು ಶಿವಬಸಪ್ಪ ಹಿತ್ತಿಲಿನಿಂದ ಕಂಡರು. ಮಾತಿಗೆ ಮಾತು ಬೆಳೆಯಿತು. ಅವರ ಮನೆತನದ ಮೂಲಪುರುಷ ಎಲೈಜಾ ಪ್ರೂಯಿಟ್ ಎಂಬಾತ. ಎತ್ತಿನ ಗಾಡಿಯಲ್ಲಿ ವರ್ಜೀನಿಯಾದಿಂದ ಇಲ್ಲಿಗೆ ಬಂದು, ಕಾಡು ಕಡಿದು ಮನೆ ಕಟ್ಟಿ, ಬ್ರಿಟಿಷರ ಮೇಲಿನ ಸ್ವಾತಂತ್ರ್ಯ ಯುದ್ಧದಲ್ಲಿ ಸಿಪಾಯಿಯಾಗಿ ಹೋರಾಡಿ, ತಿರುಗಿ ಬಂದು ಇಲ್ಲೇ ಸತ್ತವನು. ಅವನ ಹೆಸರಿಗೊಂದು ಕಲ್ಲು ಹಾಕಿಸಬೇಕೆಂಬುದು ಡಾರ್ಲಾ ಅವರ ಆಸೆ. ಆದರೆ ಯಾರು ಎಲ್ಲಿ ಮಲಗಿದ್ದಾರೆಂದು ಹೇಳುವವರಿಲ್ಲ. ಗುರುತಿಗೆ ನೆಟ್ಟಿದ್ದ ಕಾಡುಕಲ್ಲುಗಳಲ್ಲಿ ಅರ್ಧದಷ್ಟು ಎಲ್ಲೋ ಹೋಗಿದ್ದವು.

ಶಿವಬಸಪ್ಪನವರಿಗೆ ಹಬ್ಬವಾಯಿತು. ಒಮ್ಮೆ ಅಗೆದು ಮುಚ್ಚಿದ ಮಣ್ಣು ಎಷ್ಟು ನೂರು ವರ್ಷ ಕಳೆದರೂ ಮೊದಲಿನ ಹಾಗೆ ಪದರವಾಗುವುದಿಲ್ಲ, ಕಲಸಿದ ಹಾಗೇ ಉಳಿಯುತ್ತದೆ ಎಂದು ಡಾರ್ಲಾಗೆ ವಿವರಿಸಿ, ಮರುದಿನವೇ ಕೊಳವೆ ತಂದರು. ಬೇಸಿಗೆಯ ರಜೆಯೆಲ್ಲ ಅದರಲ್ಲೇ ಕಳೆಯಿತು. ಸಾಲಾಗಿ ಉದ್ದುದ್ದ ಸಮಾಧಿಗಳು ಸಿಕ್ಕವು. ಸಾಲಿನ ತುದಿಯಲ್ಲಿ, ಉಳಿದವುಗಳಿಂದ ಸ್ವಲ್ಪ ಬೇರೆಯಾಗಿ, ಒಂದು ಗಿಡ್ಡ ಗುಂಡಿ ಸಿಕ್ಕಿತು. ಅಲ್ಲೇ ಅವರು ಎಡವಿದರು.

ಉದ್ದವಿಲ್ಲದ, ಹೆಚ್ಚುಕಡಿಮೆ ಚೌಕವಾದ ಸಮಾಧಿ ಕಂಡರೆ ದಾವಣಗೆರೆಯ ಲಿಂಗಾಯತನಿಗೆ ಏನು ಹೊಳೆಯಬೇಕೋ ಅದೇ ಹೊಳೆಯಿತು. ಅವರ ತಂದೆ, ತಾತ, ಮುತ್ತಾತ ಎಲ್ಲರೂ ಅಂಥ ಗುಂಡಿಯಲ್ಲೇ ಕೂತವರು. ಆಳ ಸಾಲದು ಎಂದು ಕೊಳವೆಯೇ ಹೇಳುತ್ತಿದ್ದರೂ ಅವರು ಕೇಳಲಿಲ್ಲ. ಪ್ರೂಯಿಟ್ಟರ ನೆಂಟರೆಲ್ಲ ವರ್ಷಕ್ಕೊಮ್ಮೆ ಸೇರುವ ಔತಣಕ್ಕೆ ಡಾರ್ಲಾ ಶಿವಬಸಪ್ಪನವರನ್ನೂ ಕರೆದಿದ್ದರು. ಕೋಳಿ ಕರಿದ ಘಮದ ನಡುವೆ ಜೋಳದ ತೆನೆ ಹಿಡಿದು ನಿಂತು ಶಿವಬಸಪ್ಪ ಎಲ್ಲರೆದುರು ಘೋಷಿಸಿದರು: ನಿಮ್ಮ ಹಿರಿಯನನ್ನು ಕೂರಿಸಿ ಹೂಳಿದ್ದಾರೆ, ದೊಡ್ಡವರನ್ನು ನಾವೂ ಹಾಗೇ ಮಾಡುವುದು, ನಾವು ನೀವು ದೂರದವರೇನಲ್ಲ. ಆ ಜನ ಮುಖ ಮುಖ ನೋಡಿಕೊಂಡು, ಮರ್ಯಾದೆಗೆ ತಲೆಯಾಡಿಸಿದರು.

ಕೆಲವು ವಾರದ ಮೇಲೆ ಯೂನಿವರ್ಸಿಟಿಯಿಂದ ಪುರಾತತ್ವದ ಹೆಣ್ಣುಮಗಳೊಬ್ಬಳು ಬಂದು ಅಳೆದು ನೋಡಿದಳು. ಆ ಗಿಡ್ಡ ಗುಂಡಿಯಲ್ಲಿ ಯಾರೂ ಕೂತಿಲ್ಲ, ಅದು ಮಗುವಿನ ಸಮಾಧಿ ಎಂದು ಹೇಳಿ ಹೋದಳು.

ಆ ಸಂಜೆ ಶಿವಬಸಪ್ಪ ಊಟ ಮಾಡಲಿಲ್ಲ. ಮಾರನೆಯ ದಿನ ತಾವೇ ಡಾರ್ಲಾ ಮನೆಗೆ ಹೋಗಿ, ವರಾಂಡದಲ್ಲಿ ನಿಂತುಕೊಂಡೇ, ನನ್ನಿಂದ ತಪ್ಪಾಯಿತು, ಅದು ಎಲೈಜಾ ಅಲ್ಲ, ಒಂದು ಎಳೆಯ ಮಗು ಎಂದರು. ಡಾರ್ಲಾ ಎರಡೂ ಕೈ ಮುಖಕ್ಕೆ ಹಿಡಿದು ಅತ್ತುಬಿಟ್ಟರು. ಶಿವಬಸಪ್ಪನವರಿಗೆ ಜೀವ ಬಾಯಿಗೆ ಬಂದಂತಾಯಿತು. ಕೊಟ್ಟ ಐಸ್ ಟೀ ಮುಟ್ಟದೆ ಓಡಿ ಬಂದರು. ಮುಂದಿನ ವಾರ ಡಾರ್ಲಾ ಪೀಚ್ ಹಣ್ಣಿನ ಪೈ ಮಾಡಿಕೊಂಡು ಬಂದು ಬಾರಿ ಬಾರಿ ಥ್ಯಾಂಕ್ಸ್ ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ಅಮೆರಿಕದ ಈ ದಕ್ಷಿಣ ಸೀಮೆಯವರ ಸಂಗತಿ ನಿನಗೆ ಗೊತ್ತಿಲ್ಲ, ಒಳಗೆ ನೊಂದಿದ್ದರೂ ಥ್ಯಾಂಕ್ಯೂ ಅಂತಲೇ ಅನ್ನೋದು ಎಂದು ಹೆಂಡತಿಗೆ ಹೇಳಿದರು.

ಅಂದಿನಿಂದ ಆ ಸಮಾಧಿಗಳ ಸುತ್ತ ಎಲೆ ಗುಡಿಸುವುದು, ಹುಲ್ಲು ಕತ್ತರಿಸುವುದು, ಬಿದ್ದ ಬೇಲಿ ಎತ್ತಿ ಕಟ್ಟುವುದು ಅವರ ಕೆಲಸವಾಯಿತು. ಯಾರೂ ಹೇಳಿರಲಿಲ್ಲ. ಕಾಯಿಲೆ ಬಿದ್ದ ಮೇಲೆ ಡಾರ್ಲಾ ತಾವಾಗಿಯೇ ಬಂದು, ನಮ್ಮವರ ಜೊತೆಯಲ್ಲೇ ಇರಿ ಎಂದು ಸಮಾಧಿಗೆ ಜಾಗ ಕೊಟ್ಟಾಗ ಶಿವಬಸಪ್ಪ ಆ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಅವರು ಹೋದ ಮೇಲೆ ಹೆಂಡತಿಯನ್ನು ಹತ್ತಿರ ಕರೆದರು.

"ಸಿದ್ದಿ, ನನ್ನ ಕೂರಿಸು. ಆದ್ರೆ ಆಕೆ ಹತ್ರ ಕೂರಿಸೋ ಮಾತು ಎತ್ತಕ್ಕೆ ನಂಗೆ ಮುಖ ಇಲ್ಲ. ನೀನೇ ಹೇಳು."

* * *

ಡಾರ್ಲಾ ಬಂದಾಗ ಹಿತ್ತಿಲಿನಲ್ಲಿ ಕಾರುಗಳು ತುಂಬಿದ್ದವು. ರಾಲಿ, ಕ್ಯಾರಿ, ದೂರದ ಲಾರೆನ್ಸ್‌ವಿಲ್‌ನಿಂದಲೂ ಪರಿಚಯದವರು ಬಂದು, ಹಾಲಿನಲ್ಲಿ ಒಬ್ಬೊಬ್ಬರಾಗಿ ಶಿವಬಸಪ್ಪನವರಿಗೆ ಶರಣು ಮಾಡಿ, ಹೊರಗೆ ಗುಂಪುಗುಂಪಾಗಿ ನಿಂತಿದ್ದರು. ಗುಂಡಿಯ ಸಮಾಚಾರ ಆಗಲೇ ಎಲ್ಲರ ಕಿವಿಗೂ ಬಿದ್ದಿತ್ತು. ಮಲಗಿಸಿದರೆ ತಪ್ಪೇನು ಅಂದವರು ಕೆಲವರು. ಇಲ್ಲಿ ನಮ್ಮವರನ್ನೆಲ್ಲ ಸುಡುತ್ತಲೇ ಇದ್ದೇವಲ್ಲ, ಅದಕ್ಕಿಂತ ವಾಸಿ ಅಂದವರು ಕೆಲವರು. ಆದರೆ ಆ ಮಾತನ್ನು ಸಿದ್ದೇಶ್ವರಿಯವರ ಎದುರಿಗೆ ಆಡುವ ಧೈರ್ಯ ಒಬ್ಬರಿಗೂ ಬರಲಿಲ್ಲ.

ಡಾರ್ಲಾ ಕಪ್ಪು ಉಡುಪಿನಲ್ಲಿ ವೇಡ್‌ನ ತೋಳು ಹಿಡಿದು ನಿಧಾನಕ್ಕೆ ನಡೆದು ಬಂದರು. ಸ್ಮಿತಾ ತಾನು ಹೇಳುತ್ತೇನೆಂದು ಮುಂದಾದಳು. ಸಿದ್ದೇಶ್ವರಿ ಅವಳ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. ಅರ್ಧ ಶತಮಾನದಿಂದ ಅಂಗಡಿ, ಆಸ್ಪತ್ರೆ, ಬ್ಯಾಂಕಿನಲ್ಲಿ ಆಡಿಕೊಂಡು ಬಂದ ತಮ್ಮ ಇಂಗ್ಲಿಷಿನಲ್ಲಿ, ನಿಂತಲ್ಲೇ, ಒಂದನ್ನೂ ಮುಚ್ಚಿಡದೆ ಹೇಳಿದರು. ನಮ್ಮಲ್ಲಿ ಕೂರಿಸಿ ಹೂಳುತ್ತೇವೆ. ಅವರಿಗೆ ಅದೊಂದು ಆಸೆ. ಆವತ್ತು ನಿಮ್ಮ ಹಿರಿಯರ ಬಗ್ಗೆ ತಪ್ಪು ಹೇಳಿ ನಿಮ್ಮನ್ನು ಅಳಿಸಿದ್ದಕ್ಕೆ ಅವರಿಗೆ ನಿಮ್ಮನ್ನು ಕೇಳಲು ಬಾಯಿ ಬರಲಿಲ್ಲ. ನನಗೂ ಬರಲಿಲ್ಲ. ನೆಲ ನಿಮ್ಮದು. ನೀವು ಬೇಡ ಅಂದರೆ ಮಲಗಿಸುತ್ತೇವೆ, ಬೇಜಾರು ಮಾಡಿಕೊಳ್ಳುವುದಿಲ್ಲ.

ಕೊನೆಯ ಮಾತು ಸುಳ್ಳೆಂದು ಸ್ಮಿತಾಳಿಗೂ ಗೊತ್ತಾಯಿತು.

ವೇಡ್ ಹ್ಯಾಟ್ ತೆಗೆದು ಕೈಯಲ್ಲಿ ಹಿಡಿದ. ಗುಂಡಿಯ ಪೂರ್ವಕ್ಕೆ, ಕೆಲವೇ ಹೆಜ್ಜೆಯಾಚೆ, ಹೆಸರಿಲ್ಲದ ಒಂದು ಪುಟ್ಟ ಬಿಳಿಕಲ್ಲು ಇತ್ತು. ಆ ಮಗುವಿಗೆಂದು ಡಾರ್ಲಾ ಹಾಕಿಸಿದ್ದು. ಅವರು ಅದನ್ನೇ ನೋಡುತ್ತಿದ್ದರು.

"ನಾನು ಅತ್ತದ್ದು ನೋವಿಗೆ ಅಂತ ಅವರು ತಿಳಿದಿದ್ದರಾ?" ಎಂದು ಕೇಳಿದರು. "ಇಷ್ಟು ವರ್ಷವೂ?"

ಆಮೇಲೆ ನಿಧಾನವಾಗಿ ಹೇಳತೊಡಗಿದರು. ಅವರ ಮನೆಯಲ್ಲಿ ಅಜ್ಜಿಯಿಂದ ಮೊಮ್ಮಕ್ಕಳಿಗೆ ಬಾಯಿಂದ ಬಾಯಿಗೆ ಬಂದ ಕತೆ ಅದು. ಎಲೈಜಾ ಯುದ್ಧಕ್ಕೆ ಹೋಗಿದ್ದಾಗ ಅವನ ಪುಟ್ಟ ಮಗಳು ಜ್ವರದಲ್ಲಿ ತೀರಿಕೊಂಡಳು. ತಾಯಿ ಒಬ್ಬಳೇ ಗುಂಡಿ ತೋಡಿ ಹೂತಳು. ಅದೇ ಜ್ವರಕ್ಕೆ ಅವಳೂ ಹೋದಳು. ಸಿಪಾಯಿ ತಿರುಗಿ ಬಂದಾಗ ಮಗು ಎಲ್ಲಿದೆ ಅಂತ ತೋರಿಸುವವರೇ ಇರಲಿಲ್ಲ. ಅಣ್ಣತಮ್ಮಂದಿರೆಲ್ಲ ಒಳ್ಳೆಯ ಹೊಲ ಹುಡುಕಿಕೊಂಡು ಜಾರ್ಜಿಯಾಕ್ಕೆ ಗಾಡಿ ಕಟ್ಟಿದರು. ಎಲೈಜಾ ಮಾತ್ರ ಹೋಗಲಿಲ್ಲ. ನನ್ನ ಮಗಳು ಈ ನೆಲದಲ್ಲಿ ಎಲ್ಲೋ ಇದ್ದಾಳೆ, ಅವಳನ್ನು ಬಿಟ್ಟು ಎಲ್ಲಿಗೆ ಹೋಗಲಿ ಎಂದನಂತೆ. ಮತ್ತೆ ಮದುವೆಯಾದ, ಮಕ್ಕಳಾದವು, ಆ ಮಕ್ಕಳ ಮಕ್ಕಳೇ ತಾವೆಲ್ಲ. ಸಾಯುವ ತನಕ ಹುಡುಕಿದ, ಸಿಗಲಿಲ್ಲ. ಕೊನೆಗೆ ಅವನನ್ನು ಹೂತದ್ದು ಮಗಳಿಗೆ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಯಾರಿಗೂ ತಿಳಿಯದೆ.

"ನಿಮ್ಮ ಗಂಡ ನಮ್ಮ ವರಾಂಡದಲ್ಲಿ ನಿಂತು, ಅದು ಮಗು ಅಂದರು," ಎಂದರು ಡಾರ್ಲಾ. "ಇನ್ನೂರು ವರ್ಷದಿಂದ ನಾವು ಕೇಳಬೇಕು ಅಂತಿದ್ದ ಮಾತು ಅದು. ನನಗೆ ಬರೀ ಥ್ಯಾಂಕ್ಸ್ ಹೇಳುವುದಕ್ಕೆ ಬಂತು. ಅವರಿಗೆ ಎಲ್ಲ ಗೊತ್ತಿದೆ, ಅದಕ್ಕೇ ಆ ಮಗುವನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಅಂದುಕೊಂಡೆ."

ಮೂರು ದಿನ ಮೊದಲು ಈ ಮಾತು ಗಂಡನ ಕಿವಿಗೆ ಬಿದ್ದಿದ್ದರೆ ಎಂದು ಸಿದ್ದೇಶ್ವರಿ ಹಳಹಳಿಸಿದರು. ಅದರ ಹಿಂದೆಯೇ, ಇಂಥ ಮನುಷ್ಯನ ಜೊತೆ ಬಾಳಿದೆನಲ್ಲ, ತಪ್ಪು ಮಾಡಿದಾಗಲೂ ಯಾರದೋ ಮನೆಗೆ ಮಗುವನ್ನು ಹುಡುಕಿಕೊಟ್ಟವರ ಜೊತೆ, ಅನ್ನಿಸಿ ಮನಸ್ಸು ತುಂಬಿ ಬಂತು. ಗುರುವಾರ ಸಂಜೆಯಿಂದ ತಡೆದುಕೊಂಡಿದ್ದ ಅಳು ಆಗ ಬಂತು. ಡಾರ್ಲಾ ಸಿದ್ದೇಶ್ವರಿಯವರನ್ನು ಅಪ್ಪಿಕೊಂಡರು.

ಅಳು ನಿಂತ ಮೇಲೆ ಡಾರ್ಲಾ ಕಣ್ಣೊರೆಸಿಕೊಂಡು ಟೀಚರಿನ ಗತ್ತಿನಲ್ಲಿ ಕೇಳಿದರು, ಯಾವ ಕಡೆಗೆ ಮುಖ ಮಾಡಿ ಕೂರುತ್ತಾರೆ. ಸ್ಮಿತಾ ಕಲ್ಮೇಶನನ್ನು ಕೇಳಿ ಹೇಳಿದಳು: ಪಶ್ಚಿಮದ ಗೋಡೆಯಲ್ಲಿ ಗೂಡು ಕೊರೆದು ಅದರೊಳಗೆ ಕೂರಿಸುತ್ತಾರೆ, ಮುಖ ಪೂರ್ವಕ್ಕೆ.

"ಅಂದರೆ ಅವಳ ಕಡೆಗೆ," ಎಂದು ಡಾರ್ಲಾ ಬಿಳಿಕಲ್ಲು ತೋರಿಸಿದರು. "ಹಾಗಾದರೆ ಬೇಗ ತೋಡು ವೇಡ್. ಕಾಯಿಸಬೇಡ ಅವರನ್ನು."

ವೇಡ್‌ನ ಯಂತ್ರ ಬೇರೆ ಊರಿನ ಕೆಲಸಕ್ಕೆ ಹೋಗಿತ್ತು. ಗುದ್ದಲಿ, ಸಲಿಕೆಗಳು ಬಂದವು. ಆ ಕೆಂಪು ಜೇಡಿ ಎದೆಮಟ್ಟದ ಕೆಳಗೆ ಕಲ್ಲಿನಂಥ ಮಣ್ಣು. ಕೀಬೋರ್ಡ್ ಬಿಟ್ಟು ಬೇರೇನೂ ಮುಟ್ಟದ ಕೈಗಳಲ್ಲಿ ಒಂದೆರಡು ಏಟಿಗೇ ಬೊಬ್ಬೆ ಎದ್ದವು. ಆದರೂ ಒಬ್ಬ ಹತ್ತಿದರೆ ಇನ್ನೊಬ್ಬ ಇಳಿಯುತ್ತಿದ್ದ. ಶೂ ಬಿಚ್ಚಿ, ಪ್ಯಾಂಟು ಮಡಿಸಿ, ಮಲಗಿಸಿದರೆ ತಪ್ಪೇನು ಅಂದವರೇ ಮುಂದಾಗಿದ್ದರು. ಸ್ಮಿತಾ ಕೂಡ ಇಳಿದಳು. ತೆಗೆದ ಮಣ್ಣನ್ನು ಬೆರಳ ನಡುವೆ ಉಜ್ಜಿ ನೋಡಿ, ಯಾರಿಗೂ ಏನೂ ಹೇಳದೆ ಮತ್ತೆ ಸಲಿಕೆ ಹಿಡಿದಳು. ಗೂಡು ಕೊರೆಯುವಾಗ ಮಾತ್ರ ಕಲ್ಮೇಶ, ವೇಡ್ ಇಬ್ಬರೂ ಮಂಡಿಯೂರಿ ಕೂತರು. ಒಬ್ಬನಿಗೆ ಅಳತೆ ಗೊತ್ತು, ಒಬ್ಬನಿಗೆ ಮಣ್ಣು ಗೊತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಶಿವಬಸಪ್ಪನವರನ್ನು ಮಣೆಯ ಸಮೇತ ಹೊತ್ತು ತಂದರು. ಕೆಳಗೆ ನಿಂತವರು ಕೈಯಾನಿಸಿ ಇಳಿಸಿಕೊಂಡು, ಗೂಡಿನಲ್ಲಿ ಬೆನ್ನು ತಾಗುವಂತೆ ಕೂರಿಸಿದರು. ಒಂದು ಚೂರೂ ವಾಲಲಿಲ್ಲ. ಕಲ್ಮೇಶ ಸುತ್ತ ವಿಭೂತಿ ಗಟ್ಟಿಗಳನ್ನು ಇಟ್ಟು, ಉಪ್ಪು ಸುರಿದು, ಪತ್ರೆ ಸಿಗದ ಊರಿನಲ್ಲಿ ಸಿಕ್ಕ ಹೂವುಗಳನ್ನು ಏರಿಸಿ, ಮಂತ್ರ ಹೇಳಿ ಮುಗಿಸಿದ. ಮೊದಲ ಹಿಡಿ ಮಣ್ಣು ಸಿದ್ದೇಶ್ವರಿ ಹಾಕಿದರು. ಎರಡನೆಯದನ್ನು ಡಾರ್ಲಾ ಹಾಕಿದರು.

ಮಣ್ಣು ಮುಚ್ಚಿ ದಿಬ್ಬವಾದ ಮೇಲೆ ಜನ ಕೈಕಾಲು ತೊಳೆಯಲು ಮನೆಯ ಕಡೆ ಹೊರಟರು. ಸಿದ್ದೇಶ್ವರಿಗೆ ಹೆಜ್ಜೆ ಏಳಲಿಲ್ಲ. ಅಲ್ಲೇ ನಿಂತಿದ್ದಾಗ ಡಾರ್ಲಾ ವೇಡ್‌ನ ಕಿವಿಯಲ್ಲಿ ಏನೋ ಹೇಳಿದ್ದು, ಅವನು ಟ್ರಕ್ಕಿಗೆ ಹೋಗಿ ಜಾಗ ಗುರುತು ಮಾಡುವ ಕಿತ್ತಳೆ ಬಣ್ಣದ ಸಣ್ಣ ಬಾವುಟಗಳನ್ನು ತಂದದ್ದು ಕಾಣಿಸಿತು. ಹೊಸ ದಿಬ್ಬದ ಪಕ್ಕದಲ್ಲಿ ಅವನು ನಾಲ್ಕು ಮೂಲೆಗೆ ನಾಲ್ಕು ಚುಚ್ಚಿದ. ಈ ಸಲ ಉದ್ದವಿರಲಿಲ್ಲ, ಪುಟ್ಟ ಚೌಕ. ಆಮೇಲೆ ಹ್ಯಾಟ್ ತೆಗೆದು ಸಿದ್ದೇಶ್ವರಿಯವರ ಹತ್ತಿರ ಬಂದು, ನಿಮಗೆ ಇಷ್ಟು ಸಾಕಾಗುತ್ತದಾ ಮ್ಯಾಮ್, ಈ ಸಲ ಮೊದಲೇ ಕೇಳಿಕೊಂಡುಬಿಡುತ್ತೇನೆ ಎಂದ.

ಸಿದ್ದೇಶ್ವರಿ ಅವನ ಮುಖ ನೋಡಿದರು, ಡಾರ್ಲಾ ಮುಖ ನೋಡಿದರು. ಶೂ ಬಿಚ್ಚಿಟ್ಟರು. ಕೋಟನ್ನು ಮೈಗೆ ಸುತ್ತಿಕೊಂಡು, ಸೀರೆಯ ನೆರಿಗೆ ಒಟ್ಟು ಮಾಡಿ ಹಿಡಿದು, ನಾಲ್ಕು ಬಾವುಟಗಳ ನಡುವೆ ಮೆಲ್ಲಗೆ ಬಗ್ಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಬಲ ಮೊಣಕಾಲು ಒಂದು ಬಾವುಟಕ್ಕೆ ತಾಗಿತು. ವೇಡ್ ಬಗ್ಗಿ ಅದನ್ನು ಕಿತ್ತು, ಒಂದು ಗೇಣು ಆಚೆಗೆ ಚುಚ್ಚಿದ.